ಕನ್ನಡದ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಟೂಲ್‌ಕಿಟ್ ಆರಿಸುವ ಮುನ್ನ ‘ಸ್ತ್ರೀ’ ಎಂದು ಟೈಪ್ ಮಾಡಿ ನೋಡಿ

ಊರಿನ ಗ್ರಂಥಾಲಯವೊಂದಕ್ಕೆ ಪುಸ್ತಕಗಳ ಪಟ್ಟಿ ಇಡುವ ತಂತ್ರಾಂಶ ಬರೆಯಬೇಕಿದೆ ಎಂದುಕೊಳ್ಳಿ. ನಾಲ್ಕೈದು ಪರದೆ, ಒಂದು ದೊಡ್ಡ ಟೇಬಲ್, ಹುಡುಕಲು ಒಂದು ಪೆಟ್ಟಿಗೆ, ಸದಸ್ಯರ ವಿವರ ತುಂಬುವ ಫಾರ್ಮ್, ಜೊತೆಗೆ ಪ್ರಿಂಟ್. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡಬೇಕು, ಇಂಟರ್‌ನೆಟ್ ಇಲ್ಲದಾಗಲೂ ನಡೆಯಬೇಕು. ಇಂಥ ಕೆಲಸಕ್ಕೆ ಟೂಲ್‌ಕಿಟ್ (ಕಿಟಕಿ, ಬಟನ್, ಟೆಕ್ಸ್ಟ್ ಬಾಕ್ಸ್‌ಗಳನ್ನು ಸಿದ್ಧವಾಗಿ ಕೊಡುವ ಲೈಬ್ರರಿ) ಹುಡುಕುವವರು ಸಾಮಾನ್ಯವಾಗಿ ನೋಡುವುದು ಬಟನ್‌ಗಳು ಎಷ್ಟು ಚೆಂದ, ಕಲಿಯುವುದು ಎಷ್ಟು ಸುಲಭ, ಕೊನೆಗೆ ಫೈಲ್ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು. ಕನ್ನಡದಲ್ಲಿ ನಡೆಯಬೇಕಾದ ತಂತ್ರಾಂಶಕ್ಕೆ ಇವೆಲ್ಲ ಆಮೇಲಿನ ಮಾತು. ಅದರ ಟೆಕ್ಸ್ಟ್ ಬಾಕ್ಸ್‌ನಲ್ಲಿ ಕನ್ನಡ ಬರೆಯಲು, ತಿದ್ದಲು, ಓದಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಬಣ್ಣ, ಬಟನ್, ಜೋಡಣೆ ಯಾವಾಗ ಬೇಕಾದರೂ ಬದಲಿಸಬಹುದು. ಅಕ್ಷರ ಮೂಡಿಸುವ ಭಾಗ ಟೂಲ್‌ಕಿಟ್‌ನ ಒಡಲಿನಲ್ಲಿದೆ. ಅದು ಕೈಕೊಟ್ಟರೆ ಹೊರಗಿನಿಂದ ತೇಪೆ ಹಾಕಲು ಬರುವುದಿಲ್ಲ.

‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಆರು ಯೂನಿಕೋಡ್ ಸಂಕೇತ: ಸ, ವಿರಾಮ (ಅಕ್ಷರವನ್ನು ಅರ್ಧವಾಗಿಸುವ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ. ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟ್. ಈ ಆರನ್ನೂ ಒಟ್ಟಿಗೆ ಓದಿ, ಫಾಂಟ್‌ನೊಳಗಿರುವ ನಿಯಮದಂತೆ ತಕಾರ, ರಕಾರಗಳನ್ನು ಒತ್ತಾಗಿ ಕೆಳಗಿಳಿಸಿ, ಈಕಾರವನ್ನು ಮೇಲಿನ ಸಕಾರಕ್ಕೆ ಸೇರಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಮುಕ್ತ ತಂತ್ರಾಂಶಗಳಲ್ಲಿ ಬಹುಪಾಲು ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ವಿಂಡೋಸ್‌ನಲ್ಲಿ ಯೂನಿಸ್ಕ್ರೈಬ್ ಮತ್ತು ಡೈರೆಕ್ಟ್‌ರೈಟ್ ಇವೆ, ಮ್ಯಾಕ್‌ನಲ್ಲಿ ಕೋರ್‌ಟೆಕ್ಸ್ಟ್. ಟೂಲ್‌ಕಿಟ್ ಇವುಗಳಲ್ಲಿ ಯಾವುದನ್ನಾದರೂ ಕರೆಯುತ್ತಿದ್ದರೆ ಸರಿ. ಕರೆಯದೆ ಒಂದೊಂದು ಸಂಕೇತಕ್ಕೂ ಒಂದೊಂದು ಚಿತ್ರ ಬಿಡಿಸುತ್ತಾ ಹೋದರೆ ಕನ್ನಡ ಅಲ್ಲಿಗೆ ಮುಗಿಯಿತು.

ಹಾಗಾಗಿ ಯಾವ ಟೂಲ್‌ಕಿಟ್‌ನ ಪಾಠ ಹಿಡಿಯುವ ಮೊದಲೂ ಒಂದು ಪರೀಕ್ಷಾ ಕಿಟಕಿ ಬರೆಯಿರಿ. ಅದರಲ್ಲಿ ಒಂದು ಸಾಲಿನ ಟೆಕ್ಸ್ಟ್ ಬಾಕ್ಸ್, ಹಲವು ಸಾಲಿನದು ಇನ್ನೊಂದು, ಮೂರು ಕಾಲಮ್‌ನ ಟೇಬಲ್, ಕನ್ನಡ ಹೆಸರಿನ ಬಟನ್, ಫೈಲ್ ತೆರೆಯುವ ಡೈಲಾಗ್ ಇಷ್ಟಿದ್ದರೆ ಸಾಕು. ಯಾವ ಟೂಲ್‌ಕಿಟ್‌ನಲ್ಲಾದರೂ ಅರವತ್ತು ಎಂಬತ್ತು ಸಾಲಿನ ಕೋಡ್. ಅದರೊಳಗೆ ಈ ಪದಗಳನ್ನು ಪೇಸ್ಟ್ ಮಾಡದೆ ಕೀಲಿಮಣೆಯಿಂದಲೇ ಟೈಪ್ ಮಾಡಿ: ಸ್ತ್ರೀ, ಸ್ವಾತಂತ್ರ್ಯ, ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್, ಕೊಡೋಣ.

ಪ್ರತಿ ಪದವೂ ಒಂದೊಂದು ದೋಷವನ್ನು ಹೊರಗೆಳೆಯುತ್ತದೆ. ‘ಸ್ವಾತಂತ್ರ್ಯ’ದಲ್ಲಿ ತಕಾರಕ್ಕೆ ಎರಡು ಒತ್ತುಗಳಿವೆ, ಸಾಲಿನ ಎತ್ತರ ಸಾಲದಿದ್ದರೆ ಅದರ ಕೆಳಭಾಗ ಕತ್ತರಿಸಿಹೋಗುವುದು ಇಲ್ಲೇ ಕಾಣುತ್ತದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಯಕಾರದ ನಂತರ ಬರಬೇಕು. ‘ರ‍್ಯಾಂಕ್’ ಅದಕ್ಕೆ ತದ್ವಿರುದ್ಧ: ಅಲ್ಲಿ ರಕಾರ ಪೂರ್ತಿಯಾಗಿ ಉಳಿದು ಯಕಾರ ಒತ್ತಾಗಬೇಕು, ಅದಕ್ಕಾಗಿ ರಕಾರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಕೂತಿರುತ್ತದೆ. ‘ರಾಜ್‌ಕುಮಾರ್’ನಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗಿ ಸೇರದಂತೆ ತಡೆಯಲು ನಾನ್‌ಜಾಯ್ನರ್ ಬೇಕು. ಕೆಲವು ಟೆಕ್ಸ್ಟ್ ಬಾಕ್ಸ್‌ಗಳು ಈ ಎರಡನ್ನೂ ‘ಅನಗತ್ಯ ಚಿಹ್ನೆ’ ಎಂದು ನುಂಗಿಬಿಡುತ್ತವೆ, ಇನ್ನು ಕೆಲವು ಚೌಕ ಡಬ್ಬಿಯಾಗಿ ತೋರಿಸುತ್ತವೆ. ‘ಕೊಡೋಣ’ ಒಕಾರ, ಓಕಾರಗಳ ಪರೀಕ್ಷೆ.

ಟೈಪ್ ಆದಮೇಲೆ ತಿದ್ದಿ ನೋಡಿ. ‘ಸ್ತ್ರೀ’ ಆದ ಕೂಡಲೇ ಅದರ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಈಕಾರ ಮಾತ್ರ ಹೋಗಿ ‘ಸ್ತ್ರ’ ಉಳಿಯಬೇಕು. ಇಡೀ ಅಕ್ಷರವೇ ಅಳಿದುಹೋದರೆ, ಗುಣಿತ ತಪ್ಪಿದಾಗಲೆಲ್ಲ ಬಳಕೆದಾರರು ಒತ್ತುಗಳನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಬಾಣದ ಕೀಲಿಯ ವಿಷಯ ಬೇರೆ. ಯೂನಿಕೋಡ್ 2023ರ ಆವೃತ್ತಿ 15.1ರಲ್ಲಿ ಸಂಯುಕ್ತಾಕ್ಷರವನ್ನು ಒಂದೇ ಘಟಕವಾಗಿ ಎಣಿಸುವ ನಿಯಮ ತಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳನ್ನು ಸೇರಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆ ಲೆಕ್ಕದಲ್ಲಿ ‘ಸ್ತ್ರೀ’ ಮೂರು ಘಟಕ. ಆದ್ದರಿಂದ ಬಾಣದ ಕೀಲಿ ಒಂದೇ ಅಕ್ಷರ ದಾಟಲು ಮೂರು ಹೆಜ್ಜೆ ಇಡುವುದು ಕಂಡರೆ ಗಾಬರಿ ಬೇಡ. ಕರ್ಸರ್ ತೋರುವ ಜಾಗ ಒಂದು, ಅಕ್ಷರ ಸೇರುವ ಜಾಗ ಇನ್ನೊಂದು ಆಗುತ್ತಿದ್ದರೆ ಮಾತ್ರ ಆ ಟೂಲ್‌ಕಿಟ್ ಬಿಟ್ಟುಬಿಡಿ.

ಟಿಕೆ ಮತ್ತು ಟಿಕಿಂಟರ್

ಪೈಥಾನ್ ಕಲಿತವರು ಮೊದಲು ಕೈಹಾಕುವುದು ಟಿಕಿಂಟರ್‌ಗೆ, ಅಂದರೆ ಟಿಕೆ ಎಂಬ ಟೂಲ್‌ಕಿಟ್ ಅನ್ನು ಪೈಥಾನ್‌ನಿಂದ ಬಳಸುವ ದಾರಿಗೆ. ಪೈಥಾನ್ ಜೊತೆಗೇ ಬರುತ್ತದೆ, ಹತ್ತು ಸಾಲಿನಲ್ಲಿ ಕಿಟಕಿ ತೆರೆಯುತ್ತದೆ, ಲೈಸೆನ್ಸ್ ತಕರಾರಿಲ್ಲ. ವಿಂಡೋಸ್‌ನಲ್ಲಿ ಕನ್ನಡವೂ ಓದುವಂತೆ ಬರುತ್ತದೆ, ಯಾಕೆಂದರೆ ಅಲ್ಲಿ ಅಕ್ಷರ ಬಿಡಿಸುವ ಕೆಲಸವನ್ನು ವಿಂಡೋಸ್‌ಗೆ ಒಪ್ಪಿಸಲಾಗಿದೆ. ಸಿಕ್ಕಿಕೊಳ್ಳುವುದು ಲಿನಕ್ಸ್‌ನಲ್ಲಿ. ಟಿಕೆ 8.6 ಅಲ್ಲಿ ಎಕ್ಸ್‌ಎಫ್‌ಟಿ ಎಂಬ ಹಳೆಯ ಲೈಬ್ರರಿಯಿಂದ ಅಕ್ಷರ ಬರೆಯುತ್ತದೆ, ಅದಕ್ಕೆ ಶೇಪಿಂಗ್ ಗೊತ್ತಿಲ್ಲ. ಫಾಂಟ್ ಎಷ್ಟೇ ಒಳ್ಳೆಯದಿರಲಿ, ‘ಸ್ತ್ರೀ’ ಒಡೆದು ಸಕಾರ, ವಿರಾಮ, ತಕಾರ, ವಿರಾಮ, ರಕಾರ ಒಂದರ ಪಕ್ಕ ಒಂದು ನಿಲ್ಲುತ್ತವೆ. ಫಾಂಟ್ ಬದಲಿಸಿ, ಲೊಕೇಲ್ ಬದಲಿಸಿ ಎಂಬ ಸಲಹೆಗಳಿಂದ ಇದು ಸರಿಹೋಗುವುದಿಲ್ಲ.

ಟಿಕೆಯಲ್ಲಿ ಇನ್ನೊಂದು ತೊಡಕಿದೆ. ಕಂಟ್ರೋಲ್-ಎಸ್ ಒತ್ತಿದರೆ ಉಳಿಸು ಎಂದು ನೀವು ಬರೆದಿರುತ್ತೀರಿ. ಲಿನಕ್ಸ್‌ನಲ್ಲಿ ಬಳಕೆದಾರರು ಕನ್ನಡ ಲೇಔಟ್‌ನಲ್ಲಿದ್ದಾಗ ಅದೇ ಕೀಲಿ ಎಸ್ ಆಗಿ ಬರುವುದಿಲ್ಲ, ಕನ್ನಡದ ಸಂಕೇತವಾಗಿ ಬರುತ್ತದೆ. ನಿಮ್ಮ ಬೈಂಡಿಂಗ್‌ಗೆ ಅದು ಗೊತ್ತೇ ಆಗುವುದಿಲ್ಲ. ಮುಂದೆ ಹೇಳುವ ಕ್ಯೂಟಿ, ಜಿಟಿಕೆ ಟೂಲ್‌ಕಿಟ್‌ಗಳೆರಡೂ ಇಂಥ ಹೊತ್ತಿನಲ್ಲಿ ಅದೇ ಕೀಲಿಯ ಲ್ಯಾಟಿನ್ ಅಕ್ಷರ ಯಾವುದೆಂದು ತಾವೇ ನೋಡಿಕೊಳ್ಳುತ್ತವೆ. ಯಾವ ಟೂಲ್‌ಕಿಟ್ ಆದರೂ ಶಾರ್ಟ್‌ಕಟ್‌ಗಳನ್ನು ಕನ್ನಡ ಲೇಔಟ್ ಚಾಲೂ ಇಟ್ಟುಕೊಂಡೇ ಪರೀಕ್ಷಿಸಿ. ಇದರ ಮೇಲೆ, ಸ್ಕ್ರೀನ್ ರೀಡರ್‌ಗೆ ಟಿಕೆ 8.6 ಏನನ್ನೂ ಹೇಳುವುದಿಲ್ಲ. ದೃಷ್ಟಿದೋಷ ಇರುವವರು ಆ ತಂತ್ರಾಂಶ ಬಳಸಲಾರರು. ಸಾರ್ವಜನಿಕ ಗ್ರಂಥಾಲಯಕ್ಕೆ ಇದೊಂದೇ ಕಾರಣ ಸಾಕು.

ಕ್ಯೂಟಿ

ಫಾರ್ಮ್ ಮತ್ತು ಟೇಬಲ್‌ಗಳ ಕನ್ನಡ ತಂತ್ರಾಂಶಕ್ಕೆ ನನ್ನ ಆಯ್ಕೆ ಕ್ಯೂಟಿ. ಮೊದಲ ಸಾರ್ವಜನಿಕ ಬಿಡುಗಡೆ 1995ರದು, ಈಗಿನ ಆರನೆಯ ಪೀಳಿಗೆ 2020ರ ಡಿಸೆಂಬರ್‌ನಲ್ಲಿ ಬಂತು. ಹಾರ್ಫ್‌ಬಜ್ ಒಳಗೇ ಇದೆ, ಮೇಲಿನ ಆರೂ ಪದಗಳು ಸರಿಯಾಗಿ ಮೂಡುತ್ತವೆ. ಪಿಡಿಎಫ್ ಮತ್ತು ಪ್ರಿಂಟ್ ಕೂಡ ಅದೇ ಯಂತ್ರದಿಂದ ಹೊರಬರುವುದರಿಂದ ಪರದೆಯಲ್ಲಿ ಸರಿಯಿದ್ದ ಒತ್ತು ಕಾಗದದ ಮೇಲೆ ಒಡೆಯುವುದಿಲ್ಲ. ಪಿಡಿಎಫ್‌ಗೆಂದು ಬೇರೊಂದು ಲೈಬ್ರರಿ ತಂದು ಕೂರಿಸಿದವರಿಗೆ ಇದರ ಬೆಲೆ ಗೊತ್ತು.

ಪೈಥಾನ್‌ನಲ್ಲಿ ಇದಕ್ಕೆ ಎರಡು ಬಾಗಿಲುಗಳಿವೆ. ಪೈಕ್ಯೂಟಿ6 ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲಿದೆ: ಮೂಲ ಕೋಡ್ ಕೊಡದೆ ತಂತ್ರಾಂಶ ಹಂಚುವುದಾದರೆ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಪೈಸೈಡ್6 ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್ ಅಡಿಯಲ್ಲೂ ಸಿಗುತ್ತದೆ, ಕೋಡ್ ಮುಚ್ಚಿಟ್ಟುಕೊಂಡೂ ಮಾರಬಹುದು. ಲೈಸೆನ್ಸ್ ಪಠ್ಯ ಜೊತೆಗಿಡಬೇಕು, ಬಳಕೆದಾರರು ಬಯಸಿದರೆ ಕ್ಯೂಟಿಯ ಫೈಲ್‌ಗಳನ್ನು ಬದಲಿಸಿಕೊಳ್ಳಲು ಆಗುವಂತಿರಬೇಕು. ಎರಡರಲ್ಲೂ ಕೋಡ್ ಹೆಚ್ಚೂಕಡಿಮೆ ಒಂದೇ, ಹಾಗಾಗಿ ಪೈಸೈಡ್6ನಿಂದಲೇ ಶುರು ಮಾಡುವುದು ಜಾಣತನ. ಒಂದು ಎಚ್ಚರಿಕೆ: ಕ್ಯೂಟಿಯ ಎಲ್ಲ ಭಾಗವೂ ಎಲ್‌ಜಿಪಿಎಲ್ ಅಲ್ಲ. ಕ್ಯೂಟಿ ಚಾರ್ಟ್ಸ್, ಕ್ಯೂಟಿ ವರ್ಚುವಲ್ ಕೀಬೋರ್ಡ್ ಇವು ಜಿಪಿಎಲ್ ಅಥವಾ ವಾಣಿಜ್ಯ ಲೈಸೆನ್ಸ್‌ನವು.

ಇನ್‌ಸ್ಟಾಲ್ ಮಾಡುವಾಗ ಪೈಸೈಡ್6 ಎಂಬ ಪೂರ್ತಿ ಪ್ಯಾಕೇಜ್ ಬೇಡ, ಅದು ವೆಬ್‌ಎಂಜಿನ್ ಸಮೇತ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಪೈಸೈಡ್6-ಎಸೆನ್ಷಿಯಲ್ಸ್ ಎಂಬುದೇ ಸಾಕು. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಮೊದಲ ಸಲ ಓಡಿಸಿದಾಗ ಎಕ್ಸ್‌ಸಿಬಿ ಪ್ಲಗಿನ್ ಲೋಡ್ ಆಗಲಿಲ್ಲ ಎಂದು ನಿಂತುಹೋದರೆ ಕ್ಯೂಟಿಯನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಆವೃತ್ತಿ 6.5ರಿಂದ ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಎಂಬ ಚಿಕ್ಕ ಪ್ಯಾಕೇಜ್ ಬೇಕಾಗುತ್ತದೆ, ಏಪಿಟಿಯಿಂದ ಅದೊಂದನ್ನು ಹಾಕಿದರೆ ಓಡುತ್ತದೆ.

ಇನ್ನೂ ಹೆಚ್ಚು ಜನ ಎಡವುವುದು ಟೈಪಿಂಗ್‌ನಲ್ಲಿ. ಲಿನಕ್ಸ್‌ನಲ್ಲಿ ನುಡಿ ವಿನ್ಯಾಸದಲ್ಲಿ ಟೈಪ್ ಮಾಡುವವರು ಐಬಸ್ ಅಥವಾ ಎಫ್‌ಸಿಐಟಿಎಕ್ಸ್5 ಎಂಬ ಇನ್‌ಪುಟ್ ಮೆಥಡ್ (ಒತ್ತಿದ ಕೀಲಿಗಳನ್ನು ಅಕ್ಷರವಾಗಿಸುವ ತಂತ್ರಾಂಶ) ಮೂಲಕ ಎಂ17ಎನ್‌ನ ಕೆಜಿಪಿ ಕೀಲಿಮಣೆ ಬಳಸುತ್ತಾರೆ. ಅಲ್ಲಿ ‘ಸ್ತ್ರೀ’ಗೆ ಎಸ್, ಎಫ್, ಟಿ, ಎಫ್, ಆರ್, ಕೊನೆಗೆ ಶಿಫ್ಟ್ ಹಿಡಿದು ಐ. ಈ ಕೀಲಿಗಳು ನೇರವಾಗಿ ನಿಮ್ಮ ತಂತ್ರಾಂಶಕ್ಕೆ ಬರುವುದಿಲ್ಲ, ನಡುವೆ ಇನ್‌ಪುಟ್ ಮೆಥಡ್ ಕೂತು ಅಕ್ಷರ ಕಟ್ಟಿಕೊಡುತ್ತದೆ. ಅದರೊಡನೆ ಮಾತಾಡಲು ಕ್ಯೂಟಿಗೆ ಒಂದು ಪ್ಲಗಿನ್ ಬೇಕು. ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್‌ನಿಂದ ಬರುವ ಪೈಸೈಡ್6ನಲ್ಲಿ ಐಬಸ್ ಪ್ಲಗಿನ್ ಇರುತ್ತದೆ, ಎಫ್‌ಸಿಐಟಿಎಕ್ಸ್‌ನದು ಇರುವುದಿಲ್ಲ. ಪರಿಣಾಮ, ಬೇರೆಲ್ಲ ಕಡೆ ಕನ್ನಡ ಬರುತ್ತದೆ, ನಿಮ್ಮ ತಂತ್ರಾಂಶದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ. ಎಫ್‌ಸಿಐಟಿಎಕ್ಸ್5 ಐಬಸ್‌ನ ಭಾಷೆಯಲ್ಲೂ ಮಾತಾಡಬಲ್ಲದು, ಆದ್ದರಿಂದ ಕ್ಯೂಟಿ-ಐಎಂ-ಮಾಡ್ಯೂಲ್ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗೆ ಐಬಸ್ ಎಂದು ಕೊಟ್ಟು ತಂತ್ರಾಂಶ ತೆರೆದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.

ಇನ್‌ಪುಟ್ ಮೆಥಡ್ ನಡುವೆ ಇರುವುದರಿಂದಲೇ ಹುಡುಕುವ ಪೆಟ್ಟಿಗೆಯನ್ನು ಕೀಲಿ ಒತ್ತಿದ ಘಟನೆಗೆ ಕಟ್ಟಬಾರದು. ಅಕ್ಷರ ಇನ್ನೂ ಕಟ್ಟುತ್ತಿರುವಾಗ ಅದು ಅಡಿಗೆರೆ ಹೊತ್ತ ಕರಡು ರೂಪದಲ್ಲಿರುತ್ತದೆ, ಪೆಟ್ಟಿಗೆಯ ಪಠ್ಯಕ್ಕೆ ಸೇರಿರುವುದಿಲ್ಲ. ಪಠ್ಯ ಬದಲಾಯಿತು ಎಂಬ ಸಿಗ್ನಲ್‌ಗೆ ಕಟ್ಟಿ. ಸ್ವಂತ ಎಡಿಟರ್ ವಿಜೆಟ್ ಬರೆಯುವ ಆಸೆಯಿದ್ದರೆ ಅದನ್ನೂ ಬಿಡಿ: ಕರಡು ಪಠ್ಯ ತೋರಿಸುವುದು, ಕರ್ಸರ್ ಎಲ್ಲಿದೆ ಎಂದು ಇನ್‌ಪುಟ್ ಮೆಥಡ್‌ಗೆ ತಿಳಿಸುವುದು ಎಲ್ಲವೂ ನಿಮ್ಮ ತಲೆಗೇ ಬರುತ್ತದೆ.

ಟೇಬಲ್‌ಗೆ ಕ್ಯೂಟೇಬಲ್‌ವಿಜೆಟ್ ಬೇಡ, ಅದು ತುಂಬಿದ ಪ್ರತಿ ಕೋಶಕ್ಕೂ ಒಂದು ವಸ್ತು ಹುಟ್ಟಿಸುತ್ತದೆ. ಸಾವಿರಾರು ಪುಸ್ತಕಗಳಾದಾಗ ತೆರೆಯುವುದೇ ನಿಧಾನ. ಕ್ಯೂಟೇಬಲ್‌ವ್ಯೂ ಜೊತೆಗೆ ಸ್ವಂತ ಮಾಡೆಲ್ ಬರೆದರೆ ಪರದೆಗೆ ಬೇಕಾದ ಸಾಲುಗಳನ್ನಷ್ಟೇ ಕೇಳುತ್ತದೆ.

ಸಾಲಿನ ಎತ್ತರದ ಸಮಸ್ಯೆಯ ಕಾರಣ ಹಲವರಿಗೆ ಹೊಳೆಯುವುದಿಲ್ಲ. ವಿಂಡೋಸ್‌ನಲ್ಲಿ ತಂತ್ರಾಂಶದ ಮೂಲ ಫಾಂಟ್ ಸಿಗೋ ಯುಐ. ಅದರಲ್ಲಿ ಕನ್ನಡ ಇಲ್ಲ, ಆದ್ದರಿಂದ ಕನ್ನಡ ಅಕ್ಷರಗಳನ್ನು ನಿರ್ಮಲಾ ಯುಐಯಿಂದ ಎರವಲು ತರಲಾಗುತ್ತದೆ. ಆದರೆ ಫಾಂಟ್‌ನ ಎತ್ತರ ಎಷ್ಟು ಎಂದು ಕೇಳಿದರೆ ಸಿಗೋ ಯುಐಯ ಅಳತೆಯೇ ಬರುತ್ತದೆ. ಆ ಅಳತೆಯಲ್ಲಿ ಸಾಲು ಕಟ್ಟಿದರೆ ‘ಸ್ವಾತಂತ್ರ್ಯ’ದ ಕೊನೆಯ ಒತ್ತು ಮುಂದಿನ ಸಾಲಿನ ಗೆರೆಯಡಿ ಮಾಯ. ಪರಿಹಾರ ಸರಳ: ತಂತ್ರಾಂಶದ ಜೊತೆಗೇ ಒಂದು ಕನ್ನಡ ಫಾಂಟ್ ಕೊಡಿ, ಶುರುವಿನಲ್ಲೇ ಅದನ್ನು ಲೋಡ್ ಮಾಡಿ ಮೂಲ ಫಾಂಟ್ ಆಗಿಸಿ, ಆಮೇಲೆ ಪರೀಕ್ಷಾ ಪದಗಳ ನಿಜವಾದ ಎತ್ತರ ಅಳೆದು ಅದಕ್ಕೆ ಮೇಲೆ ಕೆಳಗೆ ಎರಡೆರಡು ಪಿಕ್ಸೆಲ್ ಸೇರಿಸಿ ಸಾಲಿನ ಎತ್ತರ ನಿಗದಿಮಾಡಿ. ನೋಟೊ ಸ್ಯಾನ್ಸ್ ಕನ್ನಡ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ, ಧಾರಾಳವಾಗಿ ಜೊತೆಗೆ ಹಂಚಬಹುದು. ಫಾಂಟ್ ಇಲ್ಲದ ಲಿನಕ್ಸ್ ಗಣಕದಲ್ಲಿ ಖಾಲಿ ಡಬ್ಬಿಗಳು ಕಾಣುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಉಳಿದವು

ಜಿಟಿಕೆಯ ಕನ್ನಡದಲ್ಲಿ ಕೊರತೆ ಹುಡುಕುವುದು ಕಷ್ಟ. ಅದರ ಪ್ಯಾಂಗೊ ಲೈಬ್ರರಿ ಹಾರ್ಫ್‌ಬಜ್ ಮೇಲೆಯೇ ನಿಂತಿದೆ. ಲಿನಕ್ಸ್‌ಗೆ ಮಾತ್ರ ಬರೆಯುವುದಾದರೆ ಜಿಟಿಕೆ 4 ಕಣ್ಣುಮುಚ್ಚಿ ಆರಿಸಬಹುದು. ವಿಂಡೋಸ್‌ಗೆ ಕೊಂಡೊಯ್ಯುವಾಗ ಎಂಎಸ್‌ವೈಎಸ್2 ಎಂಬ ಕಟ್ಟುವ ಪರಿಸರ ಹಾಕಿ, ಹತ್ತಾರು ಡಿಎಲ್‌ಎಲ್, ಐಕಾನ್, ಸ್ಕೀಮಾ ಫೈಲ್‌ಗಳನ್ನು ಕಟ್ಟಿಕೊಡಬೇಕು. ಒಬ್ಬರೇ ಕೆಲಸ ಮಾಡುವ ಯೋಜನೆಗೆ ಅದು ಭಾರ.

ಡಬ್ಲ್ಯುಎಕ್ಸ್‌ವಿಜೆಟ್ಸ್ ಆಯಾ ವ್ಯವಸ್ಥೆಯ ಸ್ವಂತ ವಿಜೆಟ್‌ಗಳನ್ನೇ ಬಳಸುತ್ತದೆ, ಲಿನಕ್ಸ್‌ನಲ್ಲಿ ಒಳಗಿರುವುದು ಜಿಟಿಕೆಯೇ. ಕನ್ನಡ ಸರಿ ಬರುತ್ತದೆ, ಲೈಸೆನ್ಸ್ ಉದಾರ. ಕಿರಿಕಿರಿ ಎಂದರೆ ಲಿನಕ್ಸ್‌ನಲ್ಲಿ ಪಿಪ್‌ನಿಂದ ಡಬ್ಲ್ಯುಎಕ್ಸ್‌ಪೈಥಾನ್ ಹಾಕಲು ಹೋದರೆ ಮೂಲದಿಂದ ಕಂಪೈಲ್ ಮಾಡಲು ಕೂರುತ್ತದೆ. ವಿತರಣೆಯ ಪ್ಯಾಕೇಜ್ ಬಳಸಿ.

ಜಾವಾ ಬಲ್ಲವರಿಗೆ ಸ್ವಿಂಗ್ ಈಗಲೂ ಸರಿಯೇ; ಜಾವಾ 9ರಿಂದ ಓಪನ್‌ಜೆಡಿಕೆ ಹಾರ್ಫ್‌ಬಜ್‌ಗೆ ಬದಲಾಗಿದೆ. ಜಾವಾಎಫ್‌ಎಕ್ಸ್ ಬೇಕಾದರೆ ಜಾವಾ 11ರಿಂದ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಸಿ ಶಾರ್ಪ್‌ನವರು ವಿಂಡೋಸ್‌ಗಷ್ಟೇ ಬರೆಯುವುದಾದರೆ ವಿನ್‌ಫಾರ್ಮ್ಸ್ ಅಥವಾ ಡಬ್ಲ್ಯುಪಿಎಫ್, ಎರಡೂ ಕಡೆಗೆ ಬೇಕಾದರೆ ಅವಲೋನಿಯಾ.

ಎಲೆಕ್ಟ್ರಾನ್‌ನಲ್ಲಿ ಇರುವುದು ಕ್ರೋಮಿಯಂ, ಹಾಗಾಗಿ ಕನ್ನಡದ ಗುಣಮಟ್ಟದ ಬಗ್ಗೆ ಚಿಂತೆಯೇ ಇಲ್ಲ. ತಂಡಕ್ಕೆ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಮಾತ್ರ ಬರುತ್ತದೆ ಎಂದಾದರೆ ಇದೇ ಒಳ್ಳೆಯದು. ಪ್ರತಿ ತಂತ್ರಾಂಶವೂ ತನ್ನದೇ ಒಂದು ಬ್ರೌಸರ್ ಹೊತ್ತುಕೊಂಡಿರುವುದು ಅದರ ಬೆಲೆ. 4 ಜಿಬಿ ಮೆಮೊರಿಯ ಗಣಕದಲ್ಲಿ ಅದು ಮೊದಲ ದಿನವೇ ತಿಳಿಯುತ್ತದೆ. ಟೌರಿ ಅದೇ ಕೆಲಸವನ್ನು ವ್ಯವಸ್ಥೆಯಲ್ಲಿ ಇರುವ ವೆಬ್‌ವ್ಯೂನಿಂದ ಮಾಡಿಸುತ್ತದೆ: ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಲಿನಕ್ಸ್‌ನಲ್ಲಿ ವೆಬ್‌ಕಿಟ್‌ಜಿಟಿಕೆ. ಫೈಲ್ ಚಿಕ್ಕದಾಗುತ್ತದೆ, ಆದರೆ ಎರಡು ಬೇರೆ ಬ್ರೌಸರ್ ಎಂಜಿನ್‌ಗಳಲ್ಲಿ ಪರೀಕ್ಷಿಸುವ ಹೊರೆ ಬರುತ್ತದೆ.

ಆಟ ಮತ್ತು ಉಪಕರಣ ಬರೆಯುವವರು ಮೆಚ್ಚುವ ಡಿಯರ್ ಇಮ್‌ಗುಯಿ ಶೇಪಿಂಗ್ ಮಾಡುವುದಿಲ್ಲ. ಕನ್ನಡಕ್ಕೆ ಅದು ಬೇಡವೇ ಬೇಡ.

ಗುರಿಯ ಗಣಕಗಳಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಲೆಕ್ಕವೇ ಬೇರೆ. ಕ್ಯೂಟಿ 6 ಅಲ್ಲಿ ಓಡುವುದಿಲ್ಲ, ಕ್ಯೂಟಿ 5.15 ಓಡುತ್ತದೆ, ಪೈಥಾನ್ 3.8 ಕೊನೆಯದು, ಎಲೆಕ್ಟ್ರಾನ್ 22 ಕೊನೆಯದು. ಹಾಗಿದ್ದಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ವಿನ್‌ಫಾರ್ಮ್ಸ್ ಹೆಚ್ಚು ನೆಮ್ಮದಿ. ನಿರ್ಮಲಾ ಯುಐ ಬಂದದ್ದು ವಿಂಡೋಸ್ 8ರಲ್ಲಿ. 7ರಲ್ಲಿ ಇರುವುದು ತುಂಗಾ, ಆದ್ದರಿಂದ ಫಾಂಟ್ ಜೊತೆಗೊಯ್ಯುವುದು ಇಲ್ಲಿ ಇನ್ನೂ ಅಗತ್ಯ.

ಅಕಾರಾದಿ ಮತ್ತು ಹುಡುಕಾಟ

ಪುಸ್ತಕಗಳ ಪಟ್ಟಿಯನ್ನು ಎಸ್‌ಕ್ಯೂಲೈಟ್ ಡೇಟಾಬೇಸ್ ತಾನೇ ಜೋಡಿಸಿದರೆ ಅದು ಯೂನಿಕೋಡ್ ಸಂಖ್ಯೆಯ ಕ್ರಮ. ಆ ಕ್ರಮದಲ್ಲಿ ಳಕಾರ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಹಾಗಾಗಿ ‘ಮಳೆ’ ಎಂಬುದು ‘ಮಸಾಲೆ’, ‘ಮಹಿಳೆ’ ಎರಡಕ್ಕಿಂತ ಮುಂದೆ ಬಂದು ಕೂರುತ್ತದೆ, ಬರಬೇಕಾದದ್ದು ಅವುಗಳ ನಂತರ. ಕ್ಯೂಟಿಯ ಕ್ಯೂಕೊಲೇಟರ್‌ಗೆ ಕನ್ನಡ ಲೊಕೇಲ್ ಕೊಟ್ಟು, ಅದರ ಹೋಲಿಕೆಯನ್ನು ಪೈಥಾನ್‌ನ ಎಸ್‌ಕ್ಯೂಲೈಟ್ ಸಂಪರ್ಕಕ್ಕೆ ಕೊಲೇಶನ್ (ಜೋಡಣೆಯ ನಿಯಮ) ಆಗಿ ನೋಂದಾಯಿಸಿದರೆ ಡೇಟಾಬೇಸೇ ಸರಿಯಾದ ಕ್ರಮದಲ್ಲಿ ಕೊಡುತ್ತದೆ. ವಿಂಡೋಸ್‌ನಲ್ಲಿ ಈ ಹೋಲಿಕೆ ವಿಂಡೋಸ್‌ನದೇ, ಲಿನಕ್ಸ್‌ನಲ್ಲಿ ಐಸಿಯು ಲೈಬ್ರರಿಯದು; ಅದಕ್ಕೇ ಮೂರೂ ಪದಗಳನ್ನು ಎರಡೂ ಕಡೆ ಹಾಕಿ ನೋಡಿ.

ಹುಡುಕಾಟದಲ್ಲಿ ಇನ್ನೊಂದು ಬಲೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸ್‌ಗೆ ಸೇರಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು, ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಜಾಯ್ನರ್, ನಾನ್‌ಜಾಯ್ನರ್‌ಗಳನ್ನು ತೋರಿಸುವ ಪಠ್ಯದಲ್ಲಿ ಉಳಿಸಿ, ಹುಡುಕಲು ಇಟ್ಟ ಬೇರೆ ಕಾಲಮ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ‘ರಾಜ್‌ಕುಮಾರ್’ ಎಂದು ಒಬ್ಬರು ತುಂಬಿದ್ದು, ನಾನ್‌ಜಾಯ್ನರ್ ಇಲ್ಲದೆ ಟೈಪ್ ಮಾಡಿದ ಇನ್ನೊಬ್ಬರಿಗೆ ಸಿಗುವುದಿಲ್ಲ.

ಕಟ್ಟಿ ಕೊಡುವಾಗ

ಪೈಥಾನ್ ತಂತ್ರಾಂಶವನ್ನು ಹಂಚಲು ಕಟ್ಟಿಕೊಡುವ ಪೈಇನ್‌ಸ್ಟಾಲರ್ ಒಂದು ವ್ಯವಸ್ಥೆಯಲ್ಲಿ ಕೂತು ಇನ್ನೊಂದಕ್ಕೆ ಕಟ್ಟುವುದಿಲ್ಲ. ವಿಂಡೋಸ್ ಪ್ಯಾಕೇಜನ್ನು ವಿಂಡೋಸ್‌ನಲ್ಲೇ ಕಟ್ಟಬೇಕು. ಒಂದೇ ಫೈಲ್ ಆಗಿಸುವ ಆಯ್ಕೆ ಬಿಟ್ಟು ಫೋಲ್ಡರ್ ರೂಪದಲ್ಲಿ ಕಟ್ಟಿ: ಒಂದೇ ಫೈಲ್ ಆದರೆ ಪ್ರತಿ ಸಲ ತೆರೆದಾಗಲೂ ಎಲ್ಲವನ್ನೂ ತಾತ್ಕಾಲಿಕ ಜಾಗಕ್ಕೆ ಬಿಚ್ಚಿಕೊಳ್ಳುತ್ತದೆ, ಆಂಟಿವೈರಸ್‌ಗಳು ಅದನ್ನು ಸಂಶಯದಿಂದ ನೋಡುವುದೂ ಹೆಚ್ಚು. ಎಲ್‌ಜಿಪಿಎಲ್ ಕೇಳುವಂತೆ ಕ್ಯೂಟಿ ಫೈಲ್‌ಗಳನ್ನು ಬದಲಿಸಿಕೊಳ್ಳುವುದೂ ಫೋಲ್ಡರ್ ರೂಪದಲ್ಲಿ ಸಲೀಸು. ಲಿನಕ್ಸ್‌ಗಾದರೆ ನೀವು ಬೆಂಬಲಿಸುವ ಅತಿ ಹಳೆಯ ಆವೃತ್ತಿಯ ಮೇಲೆ ಕಟ್ಟಿ, ಹೊಸ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಮೇಲೆ ಕಟ್ಟಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ.

ಕಟ್ಟಿದ ಮೇಲೆ ಪೈಥಾನ್ ಆಗಲೀ ಕ್ಯೂಟಿ ಆಗಲೀ ಇಲ್ಲದ ಗಣಕದಲ್ಲಿ ತೆರೆದು ಆರೂ ಪದಗಳನ್ನು ಮತ್ತೆ ಟೈಪ್ ಮಾಡಿ. ಡೆವಲಪರ್ ಗಣಕದಲ್ಲಿ ಬರುತ್ತಿದ್ದ ಕನ್ನಡ ಇಲ್ಲಿ ಬರದಿದ್ದರೆ, ಪ್ಯಾಕೇಜ್‌ನೊಳಗೆ ಪ್ಲಾಟ್‌ಫಾರ್ಮ್-ಇನ್‌ಪುಟ್-ಕಾಂಟೆಕ್ಸ್ಟ್ಸ್ ಎಂಬ ಪ್ಲಗಿನ್ ಫೋಲ್ಡರ್ ಸೇರಿದೆಯೇ, ಫಾಂಟ್ ಫೈಲ್‌ನ ಹಾದಿ ನಿಮ್ಮ ಸ್ವಂತ ಗಣಕದ ಹಾದಿಯಾಗಿಯೇ ಉಳಿದಿದೆಯೇ, ಈ ಎರಡನ್ನು ಮೊದಲು ನೋಡಿ.